ಆರ್ಮಾಸ್ ಕೆರೆ ದಾಟಿದ ಶನಿವಾರ

ಗುರುವಾರ ಬೆಳಿಗ್ಗೆ ಹೇಮೊ ಅರ್ಧ ಕಿಲೋ ಸಾಸೇಜು ಕೊಂಡ. ನಮ್ಮ ಹಾಪಲಹ್ತಿ ಹಳ್ಳಿಯಲ್ಲಿ ಆಗಿಹೋದ ಗಲಾಟೆಗಳಲ್ಲಿ ಇಷ್ಟು ಸಣ್ಣ ಕಾರಣದಿಂದ ಹುಟ್ಟಿದ್ದು ಇನ್ನೊಂದಿಲ್ಲ.

ಸಾಸೇಜನ್ನು ಚೀಲಕ್ಕಿಳಿಸಿ, ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು, ಹೊರಡುವವನು ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತ. ಅಂಗಡಿಯ ಸಿರ್ಕಾಳ ಕಡೆ ತಿರುಗಲಿಲ್ಲ. ಬಾಗಿಲಿಗೇ ಹೇಳುವವನ ಹಾಗೆ ಹೇಳಿದ: “ಶನಿವಾರ ನಾಲ್ಕಕ್ಕೆ ಸೌನಾ ಕಾದಿರುತ್ತೆ. ಆರ್ಮಾಸ್‌ಗೆ ಹೇಳು. ಕೆರೆ ಮೇಲೇ ಬರಲಿ.”

ಹೇಮೊನ ಮಟ್ಟಿಗೆ ಇದು ಭಾಷಣ. ಅವನು ಹೋದ ಮೇಲೆ ಸಿರ್ಕಾ ಎರಡು ನಿಮಿಷ ಹಾಗೇ ನಿಂತಿದ್ದಳಂತೆ. ಆಮೇಲೆ ಫೋನ್ ಎತ್ತಿಕೊಂಡಳು.

ಹೇಮೊ ಮತ್ತು ಆರ್ಮಾಸ್ ಒಡಹುಟ್ಟಿದವರು. ಹೇಮೊ ದೊಡ್ಡವನು, ಅವನಿಗೆ ಅರವತ್ತೇಳು. ಆರ್ಮಾಸ್‌ಗೆ ಅರವತ್ತಮೂರು. ಅಪ್ಪನ ಹಳೇ ಮನೆ, ಅದರ ಸೌನಾ ಎಂಬ ಹಬೆಸ್ನಾನದ ಗುಡಿಸಲು ಕೆರೆಯ ಆಚೆ ದಡದಲ್ಲಿವೆ. ಅಲ್ಲಿ ಹೇಮೊ ಒಬ್ಬನೇ. ಈಚೆ ದಡದಲ್ಲಿ, ಹಳ್ಳಿಯ ಅಂಚಿನ ಕಾಡಿನೊಳಗೆ ಆರ್ಮಾಸ್ ಒಬ್ಬನೇ. ನಡುವೆ ಎರಡು ಕಿಲೋಮೀಟರ್ ನೀರು, ಚಳಿಗಾಲದಲ್ಲಿ ಎರಡು ಕಿಲೋಮೀಟರ್ ಹಿಮಗಡ್ಡೆ. ಅವರಿಬ್ಬರೂ ಒಬ್ಬರಿಗೊಬ್ಬರು ಮಾತಾಡಿ ಹನ್ನೊಂದು ವರ್ಷವಾಗಿತ್ತು.

ಜಗಳಕ್ಕೆ ಆಸ್ತಿ ಕಾರಣವಲ್ಲ, ಹೆಣ್ಣೂ ಕಾರಣವಲ್ಲ. ಅಪ್ಪನನ್ನು ಮಣ್ಣು ಮಾಡಿದ ದಿನ, ಹೂಮಾಲೆಗಳನ್ನೂ ಸಂಜೆಯ ಕಾಫಿಗೆಂದು ಮಾಡಿಸಿದ್ದ ಆರು ಕೇಕುಗಳನ್ನೂ ವ್ಯಾನಿನಲ್ಲಿ ತರುತ್ತಿದ್ದವನು ಆರ್ಮಾಸ್. ಚರ್ಚಿನ ಇಳಿಜಾರಿನಲ್ಲಿ ವ್ಯಾನು ಜಾರಿ, ಒಂದು ಸುತ್ತು ತಿರುಗಿ, ಚರಂಡಿಗೆ ಕೂತಿತು. ಯಾರಿಗೂ ಏನೂ ಆಗಲಿಲ್ಲ, ಕೇಕುಗಳಿಗೆ ಮಾತ್ರ ಎಲ್ಲವೂ ಆಯಿತು. ಅಪ್ಪನ ಮನೆಯಲ್ಲಿ ಕಾಫಿಯ ಹೊತ್ತಿಗೆ, ಊರೆಲ್ಲ ಬರೀ ಬ್ರೆಡ್ಡು ಕಚ್ಚುತ್ತ ಕೂತಿದ್ದಾಗ, ಹೇಮೊ ಬಾಯಿಬಿಟ್ಟ: “ಆರ್ಮಾಸ್‌ಗೆ ಐಸ್ ಮೇಲೆ ಗಾಡಿ ಓಡಿಸೋಕೆ ಯಾವತ್ತೂ ಬಂದಿಲ್ಲ.”

ನಮ್ಮ ಕಡೆ ಗಂಡಸಿಗೆ ಕುರೂಪಿ ಎನ್ನಬಹುದು, ಸೋಮಾರಿ ಎನ್ನಬಹುದು, ಸುಳ್ಳನೆಂದರೂ ಎರಡು ವರ್ಷದಲ್ಲಿ ಮರೆಯುತ್ತಾನೆ. ಐಸ್ ಮೇಲೆ ಓಡಿಸೋಕೆ ಬರುವುದಿಲ್ಲ ಎನ್ನುವಂತಿಲ್ಲ. ಆರ್ಮಾಸ್ ಕಪ್ಪು ಕೆಳಗಿಟ್ಟು ಎದ್ದುಹೋದವನು ಆ ದಡಕ್ಕೆ ಮತ್ತೆ ಕಾಲಿಡಲಿಲ್ಲ.

ಆದ್ದರಿಂದ ಸಿರ್ಕಾ ಫೋನಿನಲ್ಲಿ ಹೇಳಿದ್ದನ್ನು ಅವನು ಮೂರು ಸಲ ಹೇಳಿಸಿಕೊಂಡ.

“ಕೆರೆ ಮೇಲೇ ಅಂದನಾ?”

“ಕೆರೆ ಮೇಲೇ ಬರಲಿ ಅಂದ.”

“ಹೇಗೆ ಅಂದ? ನಗ್ತಾ ಇದ್ದನಾ?”

“ಹೇಮೊ ನಕ್ಕಿದ್ದನ್ನ ನಾನು ಯಾವಾಗ ನೋಡಿದೀನಿ ಮಾರಾಯ? ಹೋಗ್ತೀಯೋ ಇಲ್ವೋ ಅಷ್ಟು ಹೇಳು.”

“ಹೋಗ್ತೀನಿ” ಎಂದ ಆರ್ಮಾಸ್. ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ಎರಡು ಸುತ್ತು ಬಂದ. ಅರ್ಧ ಸಂತೋಷಕ್ಕೆ, ಅರ್ಧ ರೋಷಕ್ಕೆ. ಅಣ್ಣ ಕರೆದಿದ್ದಾನೆ, ನಿಜ. ಆದರೆ ಕೆರೆ ಮೇಲೇ ಬಾ ಅಂದರೆ ಏನರ್ಥ? ಓಡಿಸೋಕೆ ಬರುತ್ತಾ ನೋಡೋಣ, ಅಂತ. ಹನ್ನೊಂದು ವರ್ಷದ ಹಿಂದೆ ಆಡಿದ ಮಾತನ್ನು ಹೇಮೊ ಪರೀಕ್ಷೆಗೆ ಹಚ್ಚುತ್ತಿದ್ದಾನೆ. ಸರಿ, ಹಚ್ಚಲಿ.

ಆರ್ಮಾಸ್ ಬಳಿ ಇದ್ದದ್ದು ನಾಲ್ಕು ಚಕ್ರದ ಬೈಕು, ಕಾಡಿನಿಂದ ಸೌದೆ ಎಳೆಯಲು ಇಟ್ಟುಕೊಂಡ ಎಟಿವಿ. ಮರ ಕೊಯ್ಯುವ ಕಾರ್ಖಾನೆಯಿಂದ ನಿವೃತ್ತನಾದಾಗ ಕೊಂಡಿದ್ದು. ಕಳೆದ ಶರತ್ಕಾಲದಲ್ಲಿ ಬಲ ಮೊಣಕಾಲಿಗೆ ಆಪರೇಷನ್ ಆದಮೇಲಂತೂ ಅದೇ ಅವನ ಕಾಲು. ಹಿಮದಲ್ಲಿ ತೊಂದರೆಯಿಲ್ಲದೆ ಓಡುತ್ತಿತ್ತು. ಆದರೆ ಹಿಂದಿನ ವಾರ ಒಂದು ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂದು, ಮರುದಿನ ಮೈನಸ್ ಹದಿನೆಂಟಕ್ಕೆ ಹೆಪ್ಪುಗಟ್ಟಿ, ಕೆರೆಯ ನಡುಭಾಗವೆಲ್ಲ ತೊಳೆದಿಟ್ಟ ತಟ್ಟೆಯಂತಾಗಿತ್ತು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವನು ಗಾಡಿಯನ್ನು ಸಿರ್ಕಾಳ ಅಂಗಡಿಯ ಹಿಂದಿನ ದೋಣಿಕಟ್ಟೆಗೆ ತಂದ. ಅವನ ಮನೆಯ ಕೆಳಗೂ ಒಂದು ಕಟ್ಟೆಯಿದೆ, ಆದರೆ ಅಲ್ಲಿ ಇಳಿಜಾರು ಕಡಿದು. ಮೊಣಕಾಲು ಹಾಳಾದ ಮೇಲೆ ಅವನು ಅತ್ತ ಇಳಿದೇ ಇರಲಿಲ್ಲ. ಇಲ್ಲಿಂದ ಐಸಿಗೆ ಇಳಿದು, ಗಾಡಿಗೆ ಸ್ವಲ್ಪ ವೇಗ ಕೊಟ್ಟ. ಗಾಡಿ ಹತ್ತು ಮೀಟರ್ ಮುಂದೆ ಹೋಯಿತು, ಆಮೇಲೆ ಹಿಂಭಾಗ ಮುಂಭಾಗವನ್ನು ದಾಟಿ ಹೋಗಲು ಮನಸ್ಸು ಮಾಡಿತು. ಒಂದೂವರೆ ಸುತ್ತು ತಿರುಗಿ ನಿಂತಾಗ ಅವನ ಮುಖ ಅಂಗಡಿಯ ದೊಡ್ಡ ಕಿಟಕಿಯ ಕಡೆಗಿತ್ತು. ಕಿಟಕಿಯ ಒಳಗೆ ನಾವೆಲ್ಲ ಶನಿವಾರದ ಕಾಫಿ ಕುಡಿಯುತ್ತ ಕೂತಿದ್ದೆವು.

ಎಲ್ಲರೂ ಕಪ್ಪು ಹಿಡಿದುಕೊಂಡೇ ಹೊರಗೆ ಬಂದೆವು.

ಮೊದಲು ಬಾಯಿ ತೆರೆದವನು ತೌನೊ. ಮೂವತ್ತೆಂಟು ವರ್ಷ ಬಸ್ಸು ಓಡಿಸಿದವನು. ಈಗ ಓಡಿಸಲು ಬಸ್ಸಿಲ್ಲ, ಹೇಳಲು ಮಾತ್ರ ಬೇಕಾದಷ್ಟಿದೆ. “ಟೈರಿಗೆ ಚೈನು ಸುತ್ತಬೇಕು ಕಣಯ್ಯ. ಚೈನಿಲ್ದೆ ಐಸಿಗೆ ಇಳಿಯೋನು ಮನೇಲೇ ಕೂತಿರ್ಬೇಕು. ನನ್ನ ಶೆಡ್ಡಲ್ಲಿ ಒಂದು ಜೊತೆ ಇದೆ, ಹಿಂದಿನ ಚಕ್ರಕ್ಕೆ ಹಾಕು.”

“ಕಾರಲ್ಲೇ ಕರ್ಕೊಂಡು ಹೋಗ್ತೀನಿ ಅಂತ ಹೇಳಬಾರದಾ ನೀನು?” ಎಂದಳು ಸಿರ್ಕಾ ತೌನೊಗೆ.

“ಹೇಳಿದೆ ನಿನ್ನೆ. ಬೇಡ ಅಂದ.”

“ಬೇಡ” ಎಂದ ಆರ್ಮಾಸ್. “ಕೆರೆ ಮೇಲೇ ಹೋಗೋದು. ನಾನೇ ಓಡಿಸ್ಕೊಂಡು.”

ಸಿರ್ಕಾ ಏನೋ ಹೇಳಲು ಬಾಯಿ ತೆರೆದಳು. “ಅಲ್ಲ ಆರ್ಮಾಸ್, ಈ ವಾರ ಎಲ್ಲಾ ನಿಮ್ಮಣ್ಣ...” ಎಂದು ಶುರು ಮಾಡಿ ತೌನೊನ ಮುಖ ನೋಡಿದಳು. ತೌನೊ ನೆಲ ನೋಡಿದ. “ಇರಲಿ, ಇನ್ನೊಂದು ಕಪ್ಪು ತರ್ಲಾ?” ಎಂದು ಮಾತು ಮುಗಿಸಿದಳು.

ಚೈನು ಬಂತು. ಐಸ್ ಮೇಲೆ ಮೊಣಕಾಲೂರಲಾಗದ ಆರ್ಮಾಸ್ ನಿಂತೇ ನೋಡುತ್ತಿದ್ದ. ತೌನೊ ಕೆಳಗೆ ಮಲಗಿ, ಬೈಯುತ್ತ, ಮುಕ್ಕಾಲು ಗಂಟೆಯಲ್ಲಿ ಎರಡು ಹಿಂಚಕ್ರಗಳಿಗೂ ಚೈನು ಬಿಗಿದ. ಗಾಡಿ ಹೊರಟಿತು. ಈ ಸಲ ಜಾರಲಿಲ್ಲ, ಕಚ್ಚಿ ಹಿಡಿದು ನೇರ ಓಡಿತು. ಎಷ್ಟು ನೇರವೆಂದರೆ ಆರ್ಮಾಸ್ ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ ತಿರುಗಿಸಿದರೂ ನೇರವೇ ಓಡಿತು. ಮುಂದಿನ ಚಕ್ರಗಳು ಎಡಕ್ಕೆ ಮುಖ ಮಾಡಿಕೊಂಡು, ಎದುರಿನ ಹಿಮದ ರಾಶಿಗೆ ಹೋಗಿ ಹೊಕ್ಕವು.

“ಹಿಂದಿನದ್ದು ತಳ್ಳುತ್ತೆ, ಮುಂದಿನದ್ದು ಹಿಡಿಯಲ್ಲ” ಎಂದವನು ಯಾಲ್ಮರಿ. ನಮ್ಮ ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತನಾದ ಮೇಷ್ಟ್ರು. ಜಗತ್ತಿನ ಯಾವ ಕಷ್ಟವೇ ಆಗಲಿ, ಸರಿಯಾದ ಅಳತೆಯ ಸ್ಕ್ರೂ ಇದ್ದರೆ ಬಗೆಹರಿಯುತ್ತದೆಂದು ನಂಬಿದವನು. “ಮುಂದಿನ ಟೈರಿಗೆ ಮೊಳೆ ಬೇಕು. ಟೈರಿನ ಗಡ್ಡೆ ಗಡ್ಡೆ ಇರುತ್ತಲ್ಲ, ಅದರೊಳಗೆ ಸಣ್ಣ ಸ್ಕ್ರೂ. ತಲೆ ಹೊರಗೆ. ಬೆಕ್ಕಿನ ಉಗುರಿದ್ದ ಹಾಗೆ ಹಿಡಿಯುತ್ತೆ.”

“ತೂತಾಗಲ್ವಾ?”

“ಹನ್ನೆರಡು ಮಿಲಿಮೀಟರ್ ಸ್ಕ್ರೂ ಕಣೋ, ರಬ್ಬರು ಇಪ್ಪತ್ತಿದೆ. ಮೂವತ್ತು ವರ್ಷ ಮಕ್ಕಳಿಗೆ ಅಳತೆ ಕಲಿಸಿದೀನಿ ನಾನು.”

ಯಾಲ್ಮರಿ ಡ್ರಿಲ್ಲನ್ನೂ ಡಬ್ಬಿಯನ್ನೂ ತಂದ. ಸುತ್ತ ನಿಂತು ಒಬ್ಬೊಬ್ಬರೂ ಸ್ಕ್ರೂ ಎತ್ತಿ ಕೊಡತೊಡಗಿದೆವು. ಎಡ ಟೈರಿಗೆ ಇಪ್ಪತ್ತನಾಲ್ಕು ಸಲೀಸಾಗಿ ಕೂತವು. ಬಲ ಟೈರಿಗೆ ನಾಲ್ಕು ಕೂತಾಗ ಮೊದಲ ಡಬ್ಬಿ ಮುಗಿದು ಎರಡನೆಯದು ತೆಗೆದ. ಐದನೇ ಸ್ಕ್ರೂ ಒಳಹೋಗುತ್ತಿದ್ದಂತೆ ಟೈರು ಒಂದು ನಿಟ್ಟುಸಿರು ಬಿಟ್ಟಿತು. ಆರನೆಯದಕ್ಕೆ ಇನ್ನೊಂದು. ಯಾಲ್ಮರಿ ಕನ್ನಡಕ ಹಣೆಗೇರಿಸಿ ಡಬ್ಬಿಯ ಮೇಲಿನ ಅಕ್ಷರ ಓದಿದ. ಇಪ್ಪತ್ತೈದು ಮಿಲಿಮೀಟರ್ ಎಂದಿತ್ತು.

“ಡಬ್ಬಿ ಒಂದೇ ಬಣ್ಣ ಮಾಡಿದ್ರೆ ಮನುಷ್ಯ ಏನು ಮಾಡ್ತಾನೆ” ಎಂದು ಗೊಣಗಿದ. ಅವನ ಹಳೇ ವಿದ್ಯಾರ್ಥಿಗಳಾದ ನಾವು ಯಾರೂ ನಗಲಿಲ್ಲ. ಮನೆಗೆ ಹೋದಮೇಲೆ ನಕ್ಕೆವು.

ತೂತುಗಳಿಗೆ ರಬ್ಬರಿನ ಬಿರಡೆ ತುರುಕಿ, ಗಾಳಿ ತುಂಬಿ, ಸರಿಯಾದ ಸ್ಕ್ರೂ ಹುಡುಕಿ ಹಾಕುವಷ್ಟರಲ್ಲಿ ಒಂದು ಗಂಟೆ. ಸಿರ್ಕಾ ಎಲ್ಲರಿಗೂ ಬಟಾಣಿ ಸಾರು ಕೊಟ್ಟಳು. ಆರ್ಮಾಸ್ ನಿಂತೇ ಕುಡಿದ. ಆಚೆ ದಡದ ಮರಗಳ ನಡುವೆ ತೆಳ್ಳಗೆ ಹೊಗೆ ಏಳುತ್ತಿತ್ತು. ಹೇಮೊ ಸೌನಾದ ಒಲೆ ಹಚ್ಚಿದ್ದಾನೆ. ಒಲೆಯ ಮೇಲಿನ ಕಲ್ಲು ಸರಿಯಾಗಿ ಕಾಯಬೇಕೆಂದರೆ ಮೂರು ಗಂಟೆ ಬೇಕು, ಅಪ್ಪ ಹಾಗೇ ಕಾಯಿಸುತ್ತಿದ್ದದ್ದು. ಚಮಚ ಅವನ ಕೈಯಲ್ಲೇ ಉಳಿಯಿತು. ಅಣ್ಣ ತನಗಾಗಿ ಒಲೆ ಹಚ್ಚಿದ್ದಾನೆಂಬುದು ಅಷ್ಟು ಹೊತ್ತಿಗೆ ಅವನಿಗೆ ನಿಜವಾಗಿ ತಟ್ಟಿತು. ತೋಳಿನಿಂದ ಕಣ್ಣೊರೆಸಿಕೊಂಡ. ಸಾರು ಬಿಸಿ ಎಂದು ಹೇಳಿಕೊಂಡ.

“ತೂಕ ಇಲ್ಲ ಈ ಗಾಡಿಗೆ” ಎಂದಳು ಸಿರ್ಕಾ. ಇಷ್ಟು ಹೊತ್ತು ಗಂಡಸರೇ ಮಾತಾಡಿದ್ದು ಅವಳಿಗೆ ಸಾಕಾಗಿತ್ತು. “ಹಗುರ ಇದ್ರೆ ಮೊಳೆ ಹೇಗೆ ಊರುತ್ತೆ? ರಸ್ತೆಗೆ ಹಾಕೋ ಮರಳಿನ ಮೂಟೆ ಇದೆ ಹಿಂದುಗಡೆ. ಎರಡು ಹೇರ್ಕೋ.”

“ಹೇರು” ಎಂದ ತೌನೊ. “ಜೊತೆಗೆ ಟೈರಿನ ಗಾಳಿ ಅರ್ಧ ಇಳಿಸು. ಮೆತ್ತಗಾದ್ರೆ ಅಗಲ ಹಿಡಿಯುತ್ತೆ.”

“ಗಾಳಿ ಇಳಿಸಬಾರದು” ಎಂದ ಯಾಲ್ಮರಿ.

“ಬಸ್ಸು ನೀನು ಓಡಿಸಿದ್ಯಾ ನಾನು ಓಡಿಸಿದ್ನಾ?”

ಗಾಳಿ ಇಳಿಯಿತು. ಎರಡು ಮೂಟೆ ಮರಳು ಹಿಂದಿನ ಕ್ಯಾರಿಯರಿಗೆ ಏರಿತು. ಮೂರನೆಯದನ್ನು ಯಾರು ಇಟ್ಟರೋ ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ಆರ್ಮಾಸ್ ಹೊರಟ. ನೂರು ಮೀಟರ್ ಚೆಂದವಾಗಿಯೇ ಹೋದ. ನಾವು ಚಪ್ಪಾಳೆಗೆ ಕೈಯೆತ್ತಿದೆವು. ಆಗ ಮೆತ್ತಗಾದ ಟೈರಿನ ಮೇಲೆ ಚೈನು ಸಡಿಲಾಗಿ ಕಳಚಿತು, ಕಳಚಿದ್ದು ಅಚ್ಚಿಗೆ ಸುತ್ತಿಕೊಂಡಿತು, ಅಚ್ಚು ನಿಂತಿತು, ಮರಳು ನಿಲ್ಲಲಿಲ್ಲ. ಹಿಂಭಾರಕ್ಕೆ ಗಾಡಿಯ ಮೂತಿ ಮೇಲೆದ್ದು, ಆರ್ಮಾಸ್ ಮೆಲ್ಲಗೆ, ಬಹಳ ಮರ್ಯಾದೆಯಿಂದ, ಬೆನ್ನ ಮೇಲೆ ಮಲಗಿದ. ಒಡೆದ ಮೂಟೆಯೊಂದು ಅವನ ಪಕ್ಕ ಬಂದು ಮಲಗಿತು.

ಓಡಿಹೋಗಿ ಎತ್ತಿದೆವು. ಪೆಟ್ಟಾಗಿರಲಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡಿದರು. ಚೈನು ಮುಂದಕ್ಕೆ ಹಾಕಬೇಕಿತ್ತು, ಮೂಟೆ ಮುಂದೆ ಇಡಬೇಕಿತ್ತು, ಗಾಳಿ ಇನ್ನೂ ಇಳಿಸಬೇಕಿತ್ತು, ಇಳಿಸಲೇಬಾರದಿತ್ತು.

“ನೀವೆಲ್ಲ ಒಳಗೆ ಹೋಗಿ” ಎಂದ ಆರ್ಮಾಸ್.

ಅವನು ಅದನ್ನು ಹೇಳಿದ ರೀತಿ ನೋಡಿ ನಾವು ಒಳಗೆ ಹೋದೆವು.

ಮುಕ್ಕಾಲು ಗಂಟೆ ಅವನು ಒಬ್ಬನೇ ಅಲ್ಲಿದ್ದ. ಮೊದಲು ಸುಮ್ಮನೆ ಕೂತು ಗಾಡಿಯನ್ನು ನೋಡಿದ. ತೌನೊ ಹೇಳಿದ್ದು ತಪ್ಪಲ್ಲ, ಯಾಲ್ಮರಿ ಹೇಳಿದ್ದೂ ತಪ್ಪಲ್ಲ, ಸಿರ್ಕಾಳದ್ದೂ ಅಷ್ಟೆ. ಒಂದೊಂದೂ ಸರಿಯೇ, ಎಲ್ಲ ಸೇರಿದರೆ ಒಂದಕ್ಕೊಂದು ಶತ್ರು. ಚೈನು ಬೇಕೆಂದರೆ ಟೈರು ಗಟ್ಟಿಯಿರಬೇಕು. ಟೈರು ಮೆತ್ತಗಿರಬೇಕೆಂದರೆ ಚೈನು ಇರಬಾರದು. ತೂಕ ಬೇಕು, ಆದರೆ ಎತ್ತರದಲ್ಲಿ ಬೇಡ, ಹಿಂದೆಯೇ ಬೇಡ. ಇದೆಲ್ಲ ಅವನಿಗೆ ಮೊದಲೇ ಗೊತ್ತಿತ್ತು. ನಲವತ್ತು ಚಳಿಗಾಲ ಸೌದೆ ಎಳೆದವನಿಗೆ ಗೊತ್ತಿಲ್ಲದೆ ಇರುತ್ತದೆಯೇ. ಆದರೆ ಸುತ್ತ ಆರು ಜನ ನಿಂತು ಹೇಳುತ್ತಿದ್ದರೆ ಮನುಷ್ಯನಿಗೆ ತನಗೆ ಗೊತ್ತಿರುವುದೇ ಮರೆತುಹೋಗುತ್ತದೆ.

ಟೈರಿಗೆ ಗಾಳಿ ತುಂಬಿದ. ಮೊಣಕಾಲಿನ ಕೆಳಗೆ ಅರ್ಧ ಖಾಲಿಯಾದ ಮರಳಿನ ಮೂಟೆಯನ್ನೇ ಹಾಸಿಕೊಂಡು, ನೋವಿಗೆ ಹಲ್ಲು ಕಚ್ಚಿ, ಚೈನು ಬಿಡಿಸಿ ಮತ್ತೆ ಬಿಗಿದ. ಒಂದು ಮೂಟೆಯನ್ನು ಕಾಲಿಡುವ ಜಾಗದ ನಡುವೆ ತಗ್ಗಿನಲ್ಲಿ ಕಟ್ಟಿದ. ಉಳಿದದ್ದನ್ನು ಅಲ್ಲೇ ಬಿಟ್ಟ. ಮೂರೂ ಮುಕ್ಕಾಲಿಗೆ ಕೈಗಸು ತೊಟ್ಟು, ಹ್ಯಾಂಡಲ್ಲಿನ ವೇಗದ ಗುಂಡಿಯನ್ನು ಹೆಬ್ಬೆರಳಿನಿಂದ ಮೊಟ್ಟೆ ಒತ್ತುವಷ್ಟು ಹಗುರಾಗಿ ಒತ್ತಿ, ಯಾರ ಕಡೆಯೂ ನೋಡದೆ ಹೊರಟ.

ಬೆಳಗಿನಿಂದ ಉದುರುತ್ತಿದ್ದ ಪುಡಿ ಹಿಮ ಈಗ ಗಾಳಿಗೆ ಐಸ್ ಮೇಲೆ ಹೊಗೆಯಂತೆ ಹರಿಯುತ್ತಿತ್ತು. ಆಕಾಶ, ಕೆರೆ, ದಡ ಎಲ್ಲವೂ ಒಂದೇ ಬಿಳಿ. ಬರಿಗಡ್ಡೆ ಸಿಕ್ಕಲ್ಲಿ ಗಾಡಿ ಪಕ್ಕಕ್ಕೆ ಅಲುಗುತ್ತಿತ್ತು. ಅಂಥಲ್ಲಿ ಬ್ರೇಕಿಗೆ ಕೈಹಾಕಬಾರದು, ಗಾಬರಿಯಾಗಬಾರದು, ಗಾಡಿಗೆ ತಾನಾಗಿ ಸರಿಹೋಗಲು ಸಮಯ ಕೊಡಬೇಕು. ಇದನ್ನು ಅವನಿಗೆ ಕಲಿಸಿದವನು ಹೇಮೊನೇ. ಅಪ್ಪನ ಹಳೇ ಟ್ರಾಕ್ಟರಿನ ಮೇಲೆ, ಇದೇ ಕೆರೆಯಲ್ಲಿ, ತನಗೆ ಹದಿನೈದು ಅವನಿಗೆ ಹತ್ತೊಂಬತ್ತು ಇದ್ದಾಗ. ಕಲಿಸಿದವನೇ ಬರುವುದಿಲ್ಲ ಎಂದನಲ್ಲ ಎಂಬುದೇ ಇಷ್ಟು ವರ್ಷ ಒಳಗೆ ಕುಟುಕಿದ್ದು. ಇವತ್ತು ಹೇಮೊ ಕಣ್ಣಾರೆ ನೋಡಲಿ. ನೋಡಿ, ಬಂದ್ಯಾ, ಎಂದರೆ ಸಾಕು. ಅದಕ್ಕಿಂತ ಹೆಚ್ಚು ಆರ್ಮಾಸ್‌ಗೂ ಬೇಕಿರಲಿಲ್ಲ.

ನಡು ಕೆರೆಯಲ್ಲಿ ತಟ್ಟೆಯಂಥ ಗಡ್ಡೆ ಶುರುವಾಯಿತು. ಚೈನು ಕೀರಿತು, ಮೊಳೆ ಕೀರಿತು, ಗಾಡಿ ಗಾಳಿಯ ಜೊತೆ ಮೆಲ್ಲಗೆ ತೇಲತೊಡಗಿತು. ಹೆಬ್ಬೆರಳು ಎತ್ತಿದರೂ ತೇಲುತ್ತಿದೆ, ಒತ್ತಿದರೂ ತೇಲುತ್ತಿದೆ. ಒಂದು ಸುತ್ತು ತಿರುಗಿದರೆ ಆ ದಡದಿಂದ ಕಾಣುತ್ತದೆ. ಆರ್ಮಾಸ್ ಉಸಿರು ಬಿಗಿಹಿಡಿದ.

ಅಷ್ಟರಲ್ಲಿ ಎಡಚಕ್ರಕ್ಕೆ ಏನೋ ಸಿಕ್ಕಿತು. ಗಟ್ಟಿಯಾದ, ಒತ್ತಿ ಕೂತ ಹಿಮ. ಬಲಚಕ್ರವೂ ಏರಿತು. ಎರಡು ಮೀಟರ್ ಅಗಲದ ಪಟ್ಟಿ, ಮೇಲೆ ಬೆಳಗಿನ ಪುಡಿ ಹಿಮ ಹೊದ್ದುಕೊಂಡು, ನೇರ ಹೇಮೊನ ದಡದ ಕಡೆಗೇ ಹೋಗುತ್ತಿತ್ತು. ಅಲ್ಲಲ್ಲಿ ಪಕ್ಕದಲ್ಲಿ ದೇವದಾರಿನ ಟಿಸಿಲು ನೆಟ್ಟಿತ್ತು. ಯಾರೋ ಸ್ನೋಮೊಬೈಲ್ ಓಡಿಸಿಕೊಂಡು ಹೋಗಿ ಗುರುತು ಮಾಡಿಟ್ಟಿದ್ದಾರೆ. ಯಾರೋ ಪುಣ್ಯಾತ್ಮ, ಚೆನ್ನಾಗಿರಲಿ, ಎಂದುಕೊಂಡ ಆರ್ಮಾಸ್. ಗಾಡಿ ಪಟ್ಟಿಯ ಮೇಲೆ ಕೂತದ್ದೇ ತಡ, ಮೊಳೆಗಳೂ ಚೈನೂ ಹಸಿದವರಂತೆ ಕಚ್ಚಿ ಹಿಡಿದವು. ಬೆಳಗಿನಿಂದ ಎಷ್ಟು ಜನರ ಬುದ್ಧಿ, ಎಷ್ಟು ಸ್ಕ್ರೂ, ಎಷ್ಟು ಬೈಗುಳ ಖರ್ಚಾಗಿತ್ತೋ ಅದೆಲ್ಲಕ್ಕೂ ಈಗ ಫಲ ಬಂತು.

ಹೆಬ್ಬೆರಳನ್ನು ಪೂರ್ತಿ ಒತ್ತಿದ. ಗಾಡಿ ಹಾರಿತು. ಹಿಂದೆ ಹಿಮದ ಉಂಡೆಗಳು ಅವನ ತಲೆಗಿಂತ ಮೇಲೆ ಚಿಮ್ಮುತ್ತಿದ್ದವು. ಒಂದು ಕಡೆ ಟಿಸಿಲೊಂದು ಚಕ್ರಕ್ಕೆ ಸಿಕ್ಕಿ ಪುಡಿಯಾಯಿತು. ಆರ್ಮಾಸ್‌ಗೆ ನಗು ಬಂತು. ಎಷ್ಟೋ ವರ್ಷದ ಮೇಲೆ ಗಟ್ಟಿಯಾಗಿ ನಕ್ಕ. ಆ ಗಾಳಿಯಲ್ಲಿ ಯಾರಿಗೆ ಕೇಳಬೇಕು.

ಹೇಮೊ ದಡದಲ್ಲಿ ನಿಂತಿದ್ದ. ದಪ್ಪ ಉಣ್ಣೆಯ ಅಂಗಿ, ಬರಿತಲೆ. ಆರ್ಮಾಸ್ ಕೊನೆಯ ಐವತ್ತು ಮೀಟರಿನಲ್ಲಿ ವೇಗ ಇಳಿಸಿ, ಅಣ್ಣನ ಮುಂದೆ ಒಂದಿಷ್ಟೂ ಜಾರದೆ, ಅಂಗುಲದ ಲೆಕ್ಕದಲ್ಲಿ ಗಾಡಿ ನಿಲ್ಲಿಸಿದ. ಎಂಜಿನ್ ಆರಿಸಿದ. ನಾಲ್ಕು ಗಂಟೆ ಎರಡು ನಿಮಿಷ.

“ಬಂದೆ ಅಣ್ಣ” ಎಂದ.

ಹೇಮೊ ಅವನನ್ನು ನೋಡುತ್ತಿರಲಿಲ್ಲ. ಅವನ ಹಿಂದೆ, ಕೆರೆಯನ್ನು ನೋಡುತ್ತಿದ್ದ. ಬಹಳ ಹೊತ್ತು ನೋಡಿದ.

“ಆ ದಾರಿ ಎಲ್ಲಿಂದ ಹಿಡಿದೆ?”

“ನಡು ಕೆರೆಯಿಂದ. ಯಾರೋ ಸ್ನೋಮೊಬೈಲ್ ಓಡಿಸಿದಾರೆ ನೋಡು, ಏನು ಹಿಡಿತ ಅಂತೀಯ.”

“ಸ್ನೋಮೊಬೈಲ್ ಅಲ್ಲ ಅದು.”

“ಮತ್ತೆ?”

“ಸ್ಕೀ ದಾರಿ.”

ಆರ್ಮಾಸ್ ಗಾಡಿಯಿಂದ ಕೆಳಗಿಳಿದ. ನಮ್ಮಲ್ಲಿ ಹಿಮ ತಟ್ಟಿ ಹಾಕಿದ ಸ್ಕೀ ದಾರಿಯ ಮೇಲೆ ಸ್ಕೀ ಇಲ್ಲದೆ ಯಾರೂ ಕಾಲಿಡುವುದಿಲ್ಲ. ನಾಯಿಯನ್ನು ಬಿಡುವುದಿಲ್ಲ. ಮಕ್ಕಳಿಗೆ ಮಾತು ಬರುವ ಮೊದಲು ಕಲಿಸುವುದು ಇದನ್ನೇ. ಅದರ ಮೇಲೆ ಗಾಡಿ ಓಡಿಸಿದವನ ಕತೆಯನ್ನು ನಮ್ಮೂರು ಇನ್ನೂ ಕೇಳಿರಲಿಲ್ಲ. ತಿರುಗಿ ನೋಡಿದ. ಬಿಳಿ ಪಟ್ಟಿಯ ಉದ್ದಕ್ಕೂ ಹಂದಿ ಉತ್ತ ಹೊಲದಂಥ ಎರಡು ಸಾಲು, ಬುಡ ಕಿತ್ತ ಹಿಮ, ಅದರ ನಡುವೆ ಐಸಿನ ಕಪ್ಪು.

“ಯಾರದ್ದು?” ಎಂದ.

“ನಿಂದು” ಎಂದ ಹೇಮೊ.

ಕೈಯೆತ್ತಿ ಆಚೆ ದಡ ತೋರಿಸಿದ.

“ನಿನ್ನ ಮನೆ ಕೆಳಗಿನ ಕಟ್ಟೆಯಿಂದ ಹಾಕಿದ್ದೆ. ಮೊಣಕಾಲಿಗೆ ನಡೆಯೋದು ಕಷ್ಟ, ಸ್ಕೀ ಆದ್ರೆ ಜಾರ್ಕೊಂಡು ಬರಬಹುದು ಅಂತ ಡಾಕ್ಟ್ರು ಹೇಳಿದ್ರಂತೆ, ಸಿರ್ಕಾ ಅಂದಳು. ನಡುವೆ ಬರಿಗಡ್ಡೆ ಇತ್ತಲ್ಲ. ದಡದಿಂದ ಹಿಮ ಎಳೆದು ಹಾಕ್ದೆ.”

“ಎಷ್ಟು ದಿನ?”

“ಒಂದು ವಾರ.”

ಉಳಿದದ್ದನ್ನು ಆರ್ಮಾಸ್ ನಿಂತಲ್ಲೇ ಲೆಕ್ಕ ಹಾಕಿಕೊಂಡ. ಅರವತ್ತೇಳು ವರ್ಷದವನು, ಕೈಬಂಡಿ, ಸಲಿಕೆ, ಮೈನಸ್ ಹದಿನೆಂಟು. ಸುರಿದು, ತುಳಿದು, ಗಟ್ಟಿಯಾಗಲು ಬಿಟ್ಟು, ಮತ್ತೆ ಸುರಿದು. ಕೆರೆ ಮೇಲೇ ಬರಲಿ ಎಂದದ್ದು ಇದಕ್ಕೆ. ಓಡಿಸು ಎಂದು ಅವನು ಹೇಳೇ ಇರಲಿಲ್ಲ.

“ನಂಗೆ ಗೊತ್ತಾಗ್ಲಿಲ್ಲ ಅಣ್ಣ. ಮೇಲೆ ಹೊಸ ಹಿಮ ಬಿದ್ದಿತ್ತು.”

“ಹೌದು, ಬಿದ್ದಿತ್ತು” ಎಂದ ಹೇಮೊ. ಬೈಯಲಿಲ್ಲ. ಬೈದಿದ್ದರೆ ಆರ್ಮಾಸ್‌ಗೆ ಎಷ್ಟೋ ಹಗುರಾಗುತ್ತಿತ್ತು. ಹೇಮೊ ಸೌನಾದ ಗೋಡೆಗೆ ಒರಗಿಸಿದ್ದ ಸಲಿಕೆಯನ್ನು ತೆಗೆದುಕೊಂಡ, ಟೋಪಿ ಹಾಕಿಕೊಂಡ. “ನೀನು ಒಳಗೆ ಹೋಗು. ಕಲ್ಲು ಚೆನ್ನಾಗಿ ಕಾದಿದೆ. ಈಗಲೇ ಸಮ ಮಾಡದಿದ್ರೆ ಹಾಗೇ ಹೆಪ್ಪುಗಟ್ಟಿಬಿಡುತ್ತೆ, ಆಮೇಲೆ ಬರಲ್ಲ.”

“ಸೌನಾ ನಾಲ್ಕಕ್ಕೆ ಅಂದಿದ್ದೆ ನೀನು.”

“ನಾಲ್ಕಕ್ಕೇ. ಹೋಗು.”

ಕೈಬಂಡಿ ಎಳೆದುಕೊಂಡು ಹೇಮೊ ಕೆರೆಗೆ ಇಳಿದ.

ಆರ್ಮಾಸ್ ಬಟ್ಟೆ ಬಿಚ್ಚಿಟ್ಟು ಒಳಗೆ ಕೂತ. ಅಪ್ಪ ಕೂರುತ್ತಿದ್ದ ಮೇಲಿನ ಹಲಗೆ, ಅಪ್ಪ ಕಟ್ಟಿದ ಒಲೆ. ಒಂದು ಸೌಟು ನೀರು ಕಲ್ಲಿನ ಮೇಲೆ ಸುರಿದ. ಹಬೆ ಎದ್ದು ಬೆನ್ನಿಗೆ ಬಡಿಯಿತು. ಹನ್ನೊಂದು ವರ್ಷ ನೆನೆಸಿಕೊಂಡದ್ದು ಇದನ್ನೇ. ಆದರೆ ಇಲ್ಲಿ ಒಬ್ಬನೇ ಕೂರುವುದನ್ನು ಅವನು ನೆನೆಸಿಕೊಂಡಿರಲಿಲ್ಲ. ಪಕ್ಕದ ಹಲಗೆಯ ಮೇಲೆ ಇನ್ನೊಬ್ಬನಿಗೆಂದು ಮಡಿಸಿಟ್ಟ ಟವಲ್ ಇತ್ತು. ಒಲೆಯ ಅಂಚಿನಲ್ಲಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದ ಸಾಸೇಜು ಬೇಯುತ್ತಿತ್ತು.

ಹೊರಕೋಣೆಯಲ್ಲಿ ಪ್ಯಾಂಟಿನ ಜೇಬಿನೊಳಗೆ ಫೋನ್ ಬಡಿದುಕೊಂಡಿತು. ಸಿರ್ಕಾ.

“ದಾಟಿದ್ಯಲ್ಲ? ತೌನೊ ದುರ್ಬೀನಿನಲ್ಲಿ ನೋಡ್ದ. ಕೊನೇಲಂತೂ ಬಾಣ ಹೋದ ಹಾಗೆ ಹೋದ ಅಂದ. ಯಾರ ಉಪಾಯ ಕೆಲಸ ಮಾಡ್ತು ಅಂತ ಇಲ್ಲಿ ಜಗಳ ಆಗ್ತಿದೆ.”

“ಸಿರ್ಕಾ, ಕೆರೆ ಮೇಲೆ ಅವನು ಸ್ಕೀ ದಾರಿ ಹಾಕ್ತಿದ್ದದ್ದು ನಿಂಗೆ ಗೊತ್ತಿತ್ತಾ?”

ಆಚೆ ಕಡೆ ಗದ್ದಲ ನಿಂತಿತು.

“ವಾರದಿಂದ ಕಿಟಕೀಲಿ ನೋಡ್ತಾನೇ ಇದ್ವಿ” ಎಂದಳು ಸಿರ್ಕಾ ಮೆಲ್ಲಗೆ. “ಎಲ್ಲಾರೂ.”

“ಮೊನ್ನೆ ಫೋನಲ್ಲಿ ಒಂದು ಮಾತು ಹೇಳಬಾರದಿತ್ತಾ? ಇವತ್ತು ಬೆಳಗಿಂದ ಅಲ್ಲೇ ಇದ್ನಲ್ಲ ನಾನು.”

“ಹೇಗೆ ಹೇಳೋದು ಮಾರಾಯ. ಅದು ನಿಮ್ಮ ಅಣ್ಣತಮ್ಮಂದಿರ ವಿಷಯ. ನಡುವೆ ನಾವು ಬಾಯಿ ಹಾಕಿದ್ರೆ ಚೆನ್ನಾಗಿರಲ್ಲ.”

ಆರ್ಮಾಸ್ ಫೋನ್ ಇಟ್ಟ. ಅವನ ಟೈರಿನ ಗಾಳಿ, ಅವನ ಸ್ಕ್ರೂ, ಅವನ ಮೂಟೆ, ಎಲ್ಲದಕ್ಕೂ ನಾವು ಬಾಯಿ ಹಾಕಿದ್ದೆವು. ಅದರಲ್ಲಿ ನಾನೂ ಇದ್ದೆ. ಎಡ ಟೈರಿನ ಸ್ಕ್ರೂಗಳಲ್ಲಿ ಒಂಬತ್ತನ್ನು ಎತ್ತಿ ಕೊಟ್ಟವನು ನಾನೇ. ಹೇಳಬಹುದಾಗಿದ್ದದ್ದು ಒಂದೇ ಮಾತು, ಅದನ್ನು ಹೇಳಲು ನಮಗೆಲ್ಲ ಮರ್ಯಾದೆ ಅಡ್ಡ ಬಂದಿತ್ತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅವನು ಸೌನಾದ ಪುಟ್ಟ ಕಿಟಕಿಯ ಆವಿಯನ್ನು ಅಂಗೈಯಿಂದ ಒರೆಸಿದ. ಬೆಳಕು ನೀಲಿಯಾಗುತ್ತಿತ್ತು. ದೂರದಲ್ಲಿ, ಕೆರೆಯ ಮೇಲೆ, ಹೇಮೊ ಬಗ್ಗಿ ಹಿಮ ಎತ್ತಿ ಹಾಕುತ್ತಿದ್ದ, ಸಲಿಕೆಯ ಬೆನ್ನಿನಿಂದ ತಟ್ಟುತ್ತಿದ್ದ, ಎರಡು ಹೆಜ್ಜೆ ಮುಂದೆ ಸರಿದು ಮತ್ತೆ ಬಗ್ಗುತ್ತಿದ್ದ. ಇನ್ನೂ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ದಾರಿ ಉಳಿದಿತ್ತು. ಒಲೆಯ ಮೇಲಿನ ಕಲ್ಲು ಮೆಲ್ಲಮೆಲ್ಲಗೆ ಆರುತ್ತಿತ್ತು.

ಆರ್ಮಾಸ್ ಎದ್ದು ಬಟ್ಟೆ ತೊಟ್ಟುಕೊಂಡ. ಅಣ್ಣನ ಪಕ್ಕದಲ್ಲಿ ನಿಂತು ತಾನೂ ನಾಲ್ಕು ಸಲಿಕೆ ಹಿಮ ಹಾಕಬೇಕೆಂದು ಅವನಿಗೆ ಬಹಳ ಆಸೆಯಾಯಿತು. ಬಾಗಿಲು ತೆರೆದು ದಡದವರೆಗೆ ಕುಂಟಿಕೊಂಡು ಬಂದ. ಅಲ್ಲಿಂದ ಮುಂದೆ ಅಣ್ಣ ಆಗತಾನೇ ತಟ್ಟಿ ಸಮ ಮಾಡಿದ ದಾರಿ, ಅದರ ಎರಡೂ ಬದಿಗೆ ತೊಳೆದಿಟ್ಟ ತಟ್ಟೆ, ಅವನ ಕಾಲಿಗೆ ಆಗದ್ದು. ಅಲ್ಲಿಗೆ ಹೋಗಲು ಅವನ ಬಳಿ ಇದ್ದದ್ದು ಆ ಗಾಡಿಯೊಂದೇ.